ಪುಟ್ಟ ನಾಯಿಯ ಜಿಡ್ಡು ಮೈಗೆ ಜಳಕ

ನಾಯಿಯ ಮೈ ಸವರಿದ ಮೇಲೆ ಅಂಗೈಗೆ ಜಿಡ್ಡು ಹತ್ತುತ್ತದೆ, ಕೈ ಮೂಸಿದರೆ ಮುಗ್ಗು ವಾಸನೆ ಬರುತ್ತದೆ ಅಂದರೆ ಸುಮ್ನೆ ಬಿಡಬೇಡಿ. ಹಾಗಂತ ಅವತ್ತೇ ಬಚ್ಚಲಿಗೆ ಎಳೆದೊಯ್ದು ಸೋಪು ತಿಕ್ಕುವುದೂ ಬೇಡ. ನಮ್ಮ ಹುಬ್ಬಳ್ಳಿ-ಧಾರವಾಡದ ಮನೆಗಳಲ್ಲಿ ಈಗ ಪೊಮೆರೇನಿಯನ್, ಶಿಟ್ಜು, ಲಾಸಾ ಥರದ ದಟ್ಟ ಕೂದಲಿನ ಸಣ್ಣ ನಾಯಿಗಳೇ ಜಾಸ್ತಿ. ಮುಧೋಳ ನಾಯಿಯ ಗಿಡ್ಡ ರೋಮದಲ್ಲಿ ಏನಾದರೂ ಆದರೆ ತಕ್ಷಣ ಕಣ್ಣಿಗೆ ಬೀಳುತ್ತದೆ. ಇವುಗಳಲ್ಲಿ ಹಾಗಲ್ಲ. ಮೇಲೆ ಕೂದಲು ಚೆಂದ ಇರುತ್ತದೆ, ಬುಡದಲ್ಲಿ ಜಿಡ್ಡು ಕೂತಿರುತ್ತದೆ.

ಸ್ವಲ್ಪ ಎಣ್ಣೆಯ ಅಂಶ ನಾಯಿಯ ಚರ್ಮಕ್ಕೆ ಬೇಕೇ ಬೇಕು. ಕೂದಲಿಗೆ ಹೊಳಪು ಬರುವುದು, ಚರ್ಮ ಒಡೆಯದೆ ಇರುವುದು ಅದರಿಂದಲೇ. ಅದು ಅತಿಯಾದಾಗ ಮಾತ್ರ ತೊಂದರೆ. ಬೆಳಕಿಗೆ ಕೂರಿಸಿಕೊಂಡು ಕೂದಲು ಬಿಡಿಸಿ ನೋಡಿ. ಕುತ್ತಿಗೆಯ ಕೆಳಗೆ, ಮುಂಗಾಲಿನ ಸಂದಿಯಲ್ಲಿ, ಹೊಟ್ಟೆಯ ಮೇಲೆ, ಬೆರಳುಗಳ ನಡುವೆ, ಕಿವಿಯ ಒಳಗೆ. ಕೂದಲಿನ ಬುಡಕ್ಕೆ ಹಳದಿ ಬಣ್ಣದ ಹೊಟ್ಟು ಅಂಟಿಕೊಂಡಿದೆಯಾ, ಚರ್ಮ ಕೆಂಪಗಿದೆಯಾ ಅಥವಾ ಕಪ್ಪಾಗಿ ದಪ್ಪವಾಗಿದೆಯಾ ಅಂತ ಗಮನಿಸಿ. ಬಾಲದ ಬುಡದ ಹತ್ತಿರ ಮಾತ್ರ ಜಿಡ್ಡಿದ್ದರೆ ಅದನ್ನೂ ನೆನಪಿಟ್ಟುಕೊಳ್ಳಿ. ಅಲ್ಲಿ ನಾಯಿಗೆ ಒಂದು ಎಣ್ಣೆ ಗ್ರಂಥಿ ಇರುತ್ತದೆ, ಗಂಡು ನಾಯಿಗಳಲ್ಲಿ ಅದು ಕೆಲವೊಮ್ಮೆ ಊದಿಕೊಳ್ಳುತ್ತದೆ.

ಇನ್ನೊಂದು ಮಾತು, ಇದನ್ನು ಯಾರೂ ಹೇಳುವುದಿಲ್ಲ. ತಲೆ, ಬೆನ್ನಿನ ಮೇಲೆ ಮಾತ್ರ ಜಿಡ್ಡಿದ್ದರೆ ಮೊದಲು ಮನೆಯವರ ಕೈ ನೋಡಿ. ಹಿರಿಯರು ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿಕೊಂಡು ಅದೇ ಕೈಯಲ್ಲಿ ನಾಯಿಯನ್ನು ಮುದ್ದು ಮಾಡುತ್ತಾರೆ. ಎಣ್ಣೆಯಾದರೆ ತೊಳೆದರೆ ಹೋಗುತ್ತದೆ. ಆದರೆ ಮೊಣಕಾಲು ನೋವಿನ ಮುಲಾಮು ಹಚ್ಚಿದ ಕೈಯಲ್ಲಿ ನಾಯಿಯನ್ನು ಮುಟ್ಟಲೇಬೇಡಿ, ಹಚ್ಚಿದ ಕಾಲನ್ನು ನೆಕ್ಕಲೂ ಬಿಡಬೇಡಿ. ಡೈಕ್ಲೋಫೆನಾಕ್ ಥರದ ನೋವಿನ ಔಷಧ ನಾಯಿಯ ಹೊಟ್ಟೆಗೆ ಹೋದರೆ ಕರುಳಿಗೆ ಹುಣ್ಣಾಗುತ್ತದೆ, ಕಿಡ್ನಿ ಕೆಡುತ್ತದೆ. ನಾಲ್ಕೈದು ಕೆಜಿ ತೂಕದ ನಾಯಿಗೆ ಸ್ವಲ್ಪವೇ ಸಾಕು.

ಈಗ ಜಳಕದ ವಿಷಯ. ನಮ್ಮ ಶಾಂಪೂ, ಸೋಪು ಬೇಡ. ಮನುಷ್ಯರ ಚರ್ಮ ಸ್ವಲ್ಪ ಹುಳಿ ಗುಣದ್ದು, ಹುಳಿ ಅಳೆಯುವ ಪಿಎಚ್ ಸುಮಾರು 5.5 (ಅಂಕಿ ಕಡಿಮೆಯಾದಷ್ಟೂ ಹುಳಿ ಜಾಸ್ತಿ). ನಾಯಿಯದು 7ರ ಆಸುಪಾಸು. ಮಕ್ಕಳ ಶಾಂಪೂ ಕೂಡ ಮನುಷ್ಯರ ಮಕ್ಕಳಿಗೆ ಮಾಡಿದ್ದೇ ಅಲ್ವಾ? ಪಾತ್ರೆ ತೊಳೆಯುವ ಸೋಪು ಜಿಡ್ಡು ತೆಗೆಯುತ್ತದೆ ನಿಜ, ಆದರೆ ಬೇಕಾದ ಎಣ್ಣೆಯನ್ನೂ ತೆಗೆದುಬಿಡುತ್ತದೆ. ಚರ್ಮ ಒಣಗಿ ಕೆರಳುತ್ತದೆ, ತುರಿಕೆ ಶುರುವಾಗುತ್ತದೆ. ಸೀಗೆಕಾಯಿ, ಅಂಟವಾಳ ನಮ್ಮ ತಲೆಗೆ ಒಳ್ಳೆಯದೇ, ಆದರೆ ನಾಯಿಯ ಕಣ್ಣಿಗೆ ಬಿದ್ದರೆ ಬಹಳ ಉರಿ. ನಾನು ಅದನ್ನು ಹೇಳುವುದಿಲ್ಲ. ಜಿಡ್ಡು ಮೈಗೆ ಔಷಧದ ಶಾಂಪೂ ಬೇರೆಯೇ ಇದೆ. ಗಂಧಕ, ಸ್ಯಾಲಿಸಿಲಿಕ್ ಆಸಿಡ್ ಇರುವುದು ಹೊಟ್ಟು, ಜಿಡ್ಡು ಸಡಿಲಿಸುತ್ತದೆ. ಬೆನ್‌ಜಾಯಿಲ್ ಪೆರಾಕ್ಸೈಡ್ ಇರುವುದು ಇನ್ನೂ ಜೋರಾಗಿ ಜಿಡ್ಡು ತೆಗೆಯುತ್ತದೆ, ಜೊತೆಗೆ ಬಟ್ಟೆಯ ಬಣ್ಣವನ್ನೂ ತೆಗೆಯುತ್ತದೆ, ಹಳೆ ಟವೆಲ್ ಇಟ್ಟುಕೊಳ್ಳಿ. ಮುಗ್ಗು ವಾಸನೆ, ಫಂಗಸ್ ಇದ್ದರೆ ಕ್ಲೋರ್‌ಹೆಕ್ಸಿಡಿನ್ ಮತ್ತು ಮೈಕೊನಾಜೋಲ್ ಸೇರಿದ್ದನ್ನು ಕೊಡುತ್ತಾರೆ. ಯಾವುದು ಬೇಕು ಅಂತ ಡಾಕ್ಟರು ಮೈ ನೋಡಿ ಹೇಳಲಿ, ಔಷಧ ಅಂಗಡಿಯವರನ್ನು ಕೇಳಿ ತರಬೇಡಿ.

ನೀರು ಹಾಕುವ ಮೊದಲು ಹಣಿಗೆ ಆಡಿಸಿ. ಗಂಟು ಹಾಗೇ ಬಿಟ್ಟು ನೀರು ಹಾಕಿದರೆ ಅದು ಇನ್ನೂ ಬಿಗಿಯಾಗುತ್ತದೆ, ಶಾಂಪೂ ಚರ್ಮಕ್ಕೆ ಇಳಿಯುವುದೇ ಇಲ್ಲ. ನೀರು ಉಗುರು ಬೆಚ್ಚಗಿದ್ದರೆ ಸಾಕು, ಬಿಸಿ ನೀರು ತುರಿಕೆ ಹೆಚ್ಚಿಸುತ್ತದೆ. ಚರ್ಮದ ತನಕ ನೆನೆಸಬೇಕು. ಈ ಕೂದಲು ಬೇಗ ನೆನೆಯುವುದಿಲ್ಲ, ಚರಿಗೆಯಿಂದ ನಿಧಾನವಾಗಿ ಸುರಿಯುತ್ತಾ ಬೆರಳಿನಿಂದ ಬಿಡಿಸಿ. ಶಾಂಪೂವನ್ನು ಸ್ವಲ್ಪ ನೀರಿಗೆ ಬೆರೆಸಿಕೊಂಡು ಹಚ್ಚಿದರೆ ಎಲ್ಲ ಕಡೆ ಸಮನಾಗಿ ಹರಡುತ್ತದೆ. ಕೂದಲು ತಿಕ್ಕಿ ನೊರೆ ಎಬ್ಬಿಸುವುದಲ್ಲ, ಬೆರಳ ತುದಿಯಿಂದ ಚರ್ಮಕ್ಕೆ ಮೆಲ್ಲಗೆ ಉಜ್ಜಬೇಕು.

ಬಹಳ ಜನ ತಪ್ಪುವುದು ಇದಾದ ಮೇಲೆ. ಹಚ್ಚಿದ ತಕ್ಷಣ ತೊಳೆದುಬಿಡುತ್ತಾರೆ. ಔಷಧದ ಶಾಂಪೂ ಮೈಮೇಲೆ 10 ನಿಮಿಷ ಇರಬೇಕು, ಇಲ್ಲದಿದ್ದರೆ ದುಡ್ಡು ಮೋರಿಗೆ ಹೋದಂತೆ. ನಾಯಿ ಸುಮ್ಮನೆ ನಿಲ್ಲುವುದಿಲ್ಲ, ಮೈ ಝಾಡಿಸುತ್ತದೆ, ನೆಕ್ಕಲು ನೋಡುತ್ತದೆ. ಟವೆಲ್ ಹಾಸಿಕೊಂಡು ತೊಡೆಯ ಮೇಲೆ ಇಟ್ಟುಕೊಳ್ಳಿ. ಧಾರವಾಡ ಆಕಾಶವಾಣಿ ಹಚ್ಚಿಕೊಂಡು ಎರಡು-ಮೂರು ಹಾಡು ಕೇಳುತ್ತಾ ಬೆನ್ನು ಸವರುತ್ತಾ ಕೂತರೆ ನಾಯಿಗೂ ಸಮಾಧಾನ, ನಿಮಗೂ ಹೊತ್ತು ಹೋದದ್ದು ತಿಳಿಯುವುದಿಲ್ಲ.

ತೊಳೆಯಲು ನೀವು ಅಂದುಕೊಂಡದ್ದಕ್ಕಿಂತ ದುಪ್ಪಟ್ಟು ನೀರು ಬೇಕು. ಶಾಂಪೂ ಉಳಿದರೆ ಅದೇ ಅಂಟುತ್ತದೆ, ತುರಿಸುತ್ತದೆ. ಆಮೇಲೆ ನಾಯಿ ಇನ್ನೂ ಜಿಡ್ಡಾಗಿದೆ ಅಂತ ನಾವು ಮತ್ತೆ ಶಾಂಪೂ ಹಾಕುತ್ತೇವೆ. ಬೋರಿನ ಗಡಸು ನೀರಿನಲ್ಲಿ ಈ ತೊಂದರೆ ಇನ್ನೂ ಜಾಸ್ತಿ, ಗದಗ ಕಡೆಯವರಿಗೆ ಇದು ಚೆನ್ನಾಗಿ ಗೊತ್ತು. ಹುಬ್ಬಳ್ಳಿ-ಧಾರವಾಡದಲ್ಲಿ ಮಲಪ್ರಭಾ ನೀರು ಬರುವ ದಿನ ನೋಡಿಕೊಂಡು ಜಳಕ ಇಟ್ಟುಕೊಳ್ಳಿ. ಮಳೆಗಾಲದಲ್ಲಿ ತಾರಸಿಯಿಂದ ಹಿಡಿದ ನೀರೂ ಒಳ್ಳೆಯದು. ಹಿಂಡಿದರೆ ತಿಳಿ ನೀರು ಬರಬೇಕು, ಅಲ್ಲಿಯವರೆಗೆ ಸುರಿಯುತ್ತಲೇ ಇರಿ. ಹೊಟ್ಟೆ ಮತ್ತು ಸಂದಿಗಳನ್ನು ಮರೆಯಬೇಡಿ.

ಧಾರವಾಡದ ಮಳೆಗಾಲದಲ್ಲಿ ನಿಜವಾದ ಕಷ್ಟ ಒಣಗಿಸುವುದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಜಿಟಿಜಿಟಿ ಮಳೆ, ಗೋಡೆಯೂ ತಣ್ಣಗೆ. ಹಸಿ ಕೂದಲು ಬುಡದಲ್ಲಿ ಗಂಟೆಗಟ್ಟಲೆ ಉಳಿದರೆ ಫಂಗಸ್ ಬೆಳೆಯಲು ಬೇರೇನೂ ಬೇಡ. ಜಳಕವನ್ನು ಮಧ್ಯಾಹ್ನವೇ ಮಾಡಿಸಿ. ಹಳೆಯ ಹತ್ತಿ ಬಟ್ಟೆಯಿಂದ ಒತ್ತಿ ಒತ್ತಿ ನೀರು ತೆಗೆಯಿರಿ, ಉಜ್ಜಿದರೆ ಗಂಟಾಗುತ್ತದೆ. ಫ್ಯಾನ್ ಮುಂದೆ ಕೂರಿಸಿ ಹಣಿಗೆಯಿಂದ ಕೂದಲು ಎತ್ತುತ್ತಾ ಒಣಗಿಸಿ. ಡ್ರೈಯರ್ ಇದ್ದರೆ ತಣ್ಣನೆಯ ಗಾಳಿಗೆ ಇಟ್ಟುಕೊಳ್ಳಿ, ದೂರದಿಂದ ಬಿಡಿ. ಸಣ್ಣ ನಾಯಿಗೆ ಚಳಿ ಬೇಗ ಹಿಡಿಯುತ್ತದೆ, ನಡುಗುವ ತನಕ ಬಿಡಬಾರದು. ಬೆರಳಿನ ಸಂದಿ ಒಣಗಿದೆಯಾ ಅಂತ ಮುಟ್ಟಿ ನೋಡಿ.

ಶುರುವಿನಲ್ಲಿ ಸಾಮಾನ್ಯವಾಗಿ ವಾರಕ್ಕೆ 2 ಸಲ ಇಂಥ ಜಳಕ ಹೇಳುತ್ತಾರೆ, ಮೈ ಸುಧಾರಿಸಿದಂತೆ ಕಡಿಮೆ ಮಾಡುತ್ತಾರೆ. ನಾಯಿಯ ಮೇಲ್ಚರ್ಮ ಹಳೆಯದು ಹೋಗಿ ಹೊಸದಾಗಲು ಸುಮಾರು 3 ವಾರ ಹಿಡಿಯುತ್ತದೆ. ಅದಕ್ಕೇ ಎರಡು ಜಳಕಕ್ಕೆ ಫಲ ಕಾಣಲಿಲ್ಲ ಅಂತ ಶಾಂಪೂ ಬದಲಿಸಬೇಡಿ. ನಡುವೆ ತೀರಾ ಜಿಡ್ಡಾದರೆ ಸ್ವಲ್ಪ ಕಾರ್ನ್‌ಫ್ಲೋರ್ ಉದುರಿಸಿ, ಬೆರಳಿನಿಂದ ಸವರಿ, ಪೂರ್ತಿ ಬಾಚಿ ತೆಗೆಯಬಹುದು. ಮುಖದ ಹತ್ತಿರ ಬೇಡ, ಕೆಂಪಾದ ಕಡೆ, ಹಸಿ ಇರುವ ಕಡೆ ಬೇಡ. ನಾವು ಹಚ್ಚಿಕೊಳ್ಳುವ ಪೌಡರ್ ಬೇಡವೇ ಬೇಡ, ಅದರ ಧೂಳು ಅವುಗಳ ಎದೆಗೆ ಇಳಿಯುತ್ತದೆ.

ದೀಪಾವಳಿಯ ಎಣ್ಣೆ ಜಳಕದಲ್ಲಿ ಮಕ್ಕಳು ಪ್ರೀತಿಯಿಂದ ನಾಯಿಗೂ ಎಣ್ಣೆ ಹಚ್ಚುತ್ತಾರೆ. ತಡೆಯಿರಿ. ನಾಯಿಯ ಚರ್ಮದ ಮೇಲೆ ಮುಗ್ಗು ವಾಸನೆ ತರುವ ಫಂಗಸ್ ಬದುಕುವುದೇ ಕೊಬ್ಬಿನ ಮೇಲೆ. ಬೇವಿನ ಎಣ್ಣೆ, ಕೊಬ್ಬರಿ ಎಣ್ಣೆ ಹಚ್ಚಿದರೆ ಅದಕ್ಕೆ ಊಟ ಹಾಕಿದಂತೆ. ಟೀ ಟ್ರೀ ಎಣ್ಣೆ ನಾಯಿಗೆ ವಿಷ. ಸೀಮೆಎಣ್ಣೆ, ಫಿನಾಯಿಲ್ ಮೈಗೆ ಸುರಿದು ಚರ್ಮ ಸುಟ್ಟ ನಾಯಿಗಳನ್ನು ನೋಡಿ ಹೊಟ್ಟೆ ಉರಿದಿದೆ.

ಇಷ್ಟೆಲ್ಲ ಮಾಡಿದರೂ ಜಿಡ್ಡು ಮತ್ತೆ ಮತ್ತೆ ಬಂದರೆ ಅದಕ್ಕೆ ಒಳಗೆ ಕಾರಣ ಇದೆ ಅಂತ ತಿಳಿಯಿರಿ. ಮೊದಲು ಚಿಗಟ ನೋಡಿ. ಸಣ್ಣ ಹಲ್ಲಿನ ಹಣಿಗೆಯಿಂದ ಬಾಚಿದಾಗ ಬಂದ ಕಪ್ಪು ಪುಡಿಯನ್ನು ಒದ್ದೆ ಬಿಳಿ ಬಟ್ಟೆಯ ಮೇಲೆ ಒತ್ತಿ. ಕೆಂಪು-ಕಂದು ಬಣ್ಣ ಹರಡಿದರೆ ಅದು ಚಿಗಟದ ಹಿಕ್ಕೆ, ಹೀರಿದ ರಕ್ತ. ಚಿಗಟದ ಕಡಿತ ಮೈಗೆ ಒಗ್ಗದ ನಾಯಿಗೆ ಬಾಲದ ಬುಡದಲ್ಲೇ ತುರಿಕೆ ಜಾಸ್ತಿ. ಊಟದ ಅಲರ್ಜಿಯೂ ಇರಬಹುದು. ತುಪ್ಪ ತಿಂದರೆ ಅದೇ ಮೈಮೇಲೆ ಬರುತ್ತದೆ ಅಂತಲ್ಲ, ಆದರೂ ಕರಿದದ್ದು ಸಣ್ಣ ನಾಯಿಯ ಹೊಟ್ಟೆಗೆ ಆಗುವುದಿಲ್ಲ. ಸಂಜೆ ಗಿರ್ಮಿಟ್ ತಿನ್ನುವಾಗ ಒಂದು ತುತ್ತು ಹಾಕುವ ಅಭ್ಯಾಸ ಬಿಡಿ, ಉಳ್ಳಾಗಡ್ಡಿ ನಾಯಿಯ ರಕ್ತಕ್ಕೇ ಕೆಟ್ಟದ್ದು. ನಡುವಯಸ್ಸಿನ ನಾಯಿ ಕಡಿಮೆ ತಿಂದೂ ದಪ್ಪಗಾಗುತ್ತಿದ್ದರೆ, ಸದಾ ಮಲಗಿದ್ದರೆ, ಎರಡೂ ಪಕ್ಕೆಯ ಕೂದಲು ತೆಳುವಾದರೆ ಥೈರಾಯ್ಡ್ ಪರೀಕ್ಷೆ ಮಾಡಿಸಿ. ಬಹಳ ನೀರು ಕುಡಿದು ಬಹಳ ಉಚ್ಚೆ ಹೊಯ್ಯುತ್ತಾ ಹೊಟ್ಟೆ ಜೋತು ಬಿದ್ದಿದ್ದರೆ ಅದು ಬೇರೆ ಹಾರ್ಮೋನಿನ ತೊಂದರೆ ಇರಬಹುದು. ಇವು ಯಾವ ಶಾಂಪೂವಿಗೂ ಬಗ್ಗುವುದಿಲ್ಲ.

ನಾಯಿ ಮಲಗುವ ಕೌದಿಯನ್ನು ವಾರಕ್ಕೊಮ್ಮೆ ಬಿಸಿ ನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಿ. ತೊಳೆದ ಮೈಯನ್ನು ಜಿಡ್ಡು ಹಾಸಿಗೆಯ ಮೇಲೆ ಮಲಗಿಸಿದರೆ ಏನು ಬಂತು?

ಪಶು ಆಸ್ಪತ್ರೆಗೆ ಹೋಗುವುದಾದರೆ, ಗದಗದಲ್ಲಂತೂ ಪಶುವೈದ್ಯಕೀಯ ಕಾಲೇಜೇ ಇದೆ, ಅದಕ್ಕೆ ಎರಡು-ಮೂರು ದಿನ ಮೊದಲಿನಿಂದ ಜಳಕ ಮಾಡಿಸಬೇಡಿ. ಚೊಕ್ಕ ಮಾಡಿಕೊಂಡು ಒಯ್ಯಬೇಕು ಅನ್ನಿಸುತ್ತದೆ, ನನಗೆ ಅರ್ಥವಾಗುತ್ತದೆ. ಆದರೆ ಡಾಕ್ಟರು ಚರ್ಮಕ್ಕೆ ಟೇಪ್ ಅಂಟಿಸಿ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡುತ್ತಾರೆ, ತೊಳೆದು ಒಯ್ದರೆ ಅವರಿಗೆ ಏನೂ ಸಿಗುವುದಿಲ್ಲ. ಇಲ್ಲಿಯವರೆಗೆ ಹಚ್ಚಿದ ಶಾಂಪೂ, ಮುಲಾಮು ಎಲ್ಲದರ ಬಾಟಲಿಗಳನ್ನು ಚೀಲದಲ್ಲಿ ಹಾಕಿಕೊಂಡು ಹೋಗಿ.