ಬೀರುವಿನಲ್ಲಿ ಉಳಿದ ಕೆಮ್ಮು: ಸಾವಿನ ಕಾದಂಬರಿ ಬರೆದ ಅನುಭವ

ನನ್ನ ಕಾದಂಬರಿಯಲ್ಲಿ ಗಂಡ ಮೊದಲ ಪುಟಕ್ಕೂ ಮುಂಚೆಯೇ ಸತ್ತಿರುತ್ತಾನೆ. ಮನೆಯಲ್ಲಿ ಉಳಿಯುವುದು ಅವನ ಕೆಮ್ಮು ಮಾತ್ರ. ಮೈ ಇಲ್ಲ, ಮಾತಿಲ್ಲ. ಬಟ್ಟೆಯ ಬೀರುವಿನೊಳಗಿಂದ ಆಗಾಗ ಕೆಮ್ಮು ಕೇಳಿಸುತ್ತದೆ, ಅಷ್ಟೇ. ಹೆಂಡತಿ ಅದನ್ನು ನೋಡಿಕೊಂಡು ಬದುಕುತ್ತಾಳೆ.

ಈ ಕೆಮ್ಮು ಪೂರ್ತಿ ಕಲ್ಪನೆಯಲ್ಲ. ಡೆವಿ ರೀಸ್ ಎಂಬ ವೈದ್ಯರು ವೇಲ್ಸ್‌ನಲ್ಲಿ ಗಂಡನನ್ನೋ ಹೆಂಡತಿಯನ್ನೋ ಕಳೆದುಕೊಂಡ 293 ಜನರನ್ನು ಮಾತಾಡಿಸಿ, 1971ರಲ್ಲಿ ಅದರ ಬಗ್ಗೆ ಬರೆದರು. ಹತ್ತಿರ ಹತ್ತಿರ ಅರ್ಧ ಜನಕ್ಕೆ ಸತ್ತವರು ಒಂದಲ್ಲ ಒಂದು ಬಗೆಯಲ್ಲಿ ಅನುಭವಕ್ಕೆ ಬಂದಿದ್ದರು. ಬಹಳ ಜನಕ್ಕೆ ಅವರು ಇಲ್ಲೇ ಇದ್ದಾರೆ ಅನ್ನಿಸಿತ್ತು. ಕೆಲವರಿಗೆ ದನಿಯೂ ಕೇಳಿತ್ತು. ಆದರೆ ಹೆಚ್ಚಿನವರು ಅದನ್ನು ಯಾರ ಹತ್ತಿರವೂ ಬಾಯಿ ಬಿಟ್ಟಿರಲಿಲ್ಲ. ಒಂಟಿತನ ಶುರುವಾಗುವುದೇ ಇಲ್ಲಿಂದ, ಅಲ್ವಾ? ಹೇಳಿಕೊಳ್ಳಲಾಗದ್ದನ್ನು ಬಚ್ಚಿಡಬೇಕು. ಬಚ್ಚಿಡಬೇಕೆಂದರೆ ಬಾಗಿಲು ಹಾಕಿಕೊಳ್ಳಬೇಕು. ನನಗೆ ಕಥೆ ಸಿಕ್ಕಿದ್ದು ಇಷ್ಟರಲ್ಲೇ.

ಮೊದಲ ಸಾಲುಗಳು ಹೀಗಿವೆ: "ರಾತ್ರಿ ಬೀರುವಿನಿಂದ ಕೆಮ್ಮು ಕೇಳಿಸಿತು. ಅವಳು ಎದ್ದು ನೀರು ಕಾಯಿಸಲು ಇಟ್ಟಳು." ಬೆಚ್ಚಿಬಿದ್ದಳು, ಮೈ ಜುಂ ಎಂದಿತು, ಅಂಥದ್ದೇನೂ ಇಲ್ಲ. ಅವಳು ಬೆಚ್ಚಿದರೆ ಅದು ದೆವ್ವದ ಕಥೆಯಾಗುತ್ತದೆ. ಸುಮ್ನೆ ನೀರು ಕಾಯಿಸಿದರೆ, ಎಷ್ಟು ವರ್ಷದಿಂದ ಈ ಕೆಲಸ ಮಾಡಿಕೊಂಡು ಬಂದಿದ್ದಾಳೆ ಅನ್ನುವುದು ತಾನಾಗಿ ಗೊತ್ತಾಗುತ್ತದೆ. ನಗುವೂ ಬರುತ್ತದೆ, ಹೊಟ್ಟೆಯಲ್ಲಿ ಸಂಕಟವೂ ಆಗುತ್ತದೆ. ಎರಡೂ ಒಟ್ಟಿಗೆ ಬರಬೇಕು ಅನ್ನುವುದೇ ನನ್ನ ಹಟವಾಗಿತ್ತು.

ವಿಚಿತ್ರ ಕಥೆಗೆ ಕಟ್ಟುಪಾಡು ಜಾಸ್ತಿ ಬೇಕು. ಕೆಮ್ಮು ಬೀರು ಬಿಟ್ಟು ಬರುವಂತಿಲ್ಲ. ಬೇರೆಯವರಿಗೂ ಕೇಳಿಸಬೇಕು. ಈ ಎರಡನೆಯದೇ ಕಾದಂಬರಿಯನ್ನು ನಡೆಸಿತು. ಬೇರೆಯವರಿಗೆ ಕೇಳಿಸದಿದ್ದರೆ ಅವಳಿಗೆ ತಲೆ ಕೆಟ್ಟಿದೆ ಎಂದು ಓದುವವರು ತೀರ್ಮಾನ ಮಾಡಿಬಿಡುತ್ತಾರೆ. ಕೇಳಿಸಿದರೆ ಅವಳು ಏನಾದರೂ ಮಾಡಲೇಬೇಕು. ಪಕ್ಕದ ಮನೆಯವಳು "ಯಾರ್ರೀ ಒಳಗೆ ಕೆಮ್ಮಿದ್ದು?" ಎಂದಾಗ ಅವಳು "ನಾನೇ ರೀ" ಎಂದು ಕೆಮ್ಮಿ ತೋರಿಸುತ್ತಾಳೆ. ಆಮೇಲೆ ಆ ಗಂಡಸಿನ ಒಣಕೆಮ್ಮನ್ನು ಕಲಿಯಬೇಕಾಗುತ್ತದೆ. ರಾತ್ರಿಯೆಲ್ಲ ಬೀರುವಿನ ಮುಂದೆ ಕೂರುತ್ತಾಳೆ. ಅದು ಕೆಮ್ಮುತ್ತದೆ, ಇವಳೂ ಹಾಗೇ ಕೆಮ್ಮುತ್ತಾಳೆ. ಮದುವೆಯಾದಾಗಿನಿಂದ ಇಬ್ಬರೂ ಇಷ್ಟು ಹೊತ್ತು ಎದುರುಬದುರು ಕೂತದ್ದೇ ಇಲ್ಲ. ಇಡೀ ಪುಸ್ತಕದಲ್ಲಿ ನನಗೆ ಬಹಳ ಇಷ್ಟವಾದ ಅಧ್ಯಾಯ ಇದು.

ಅವಳು ಬಾಗಿಲು ಹಾಕಿಕೊಂಡ ಮೇಲಿನ ದಿನಗಳನ್ನು ಬರೆಯಲು ಫ್ರಾನ್ಸಿನ ಗುಹಾ ಸಂಶೋಧಕ ಮಿಶೆಲ್ ಸಿಫ್ರ್ ಅವರ ಅನುಭವ ನೆರವಾಯಿತು. ಅವರು 1962ರಲ್ಲಿ ಆಲ್ಪ್ಸ್‌ನ ಗುಹೆಯೊಂದರಲ್ಲಿ ಗಡಿಯಾರವಿಲ್ಲದೆ ಒಬ್ಬರೇ ಇದ್ದರು. ಸೆಪ್ಟೆಂಬರ್ 14ರಂದು ಹೊರಗೆ ಕರೆದಾಗ ಅವರ ಲೆಕ್ಕದಲ್ಲಿ ಇನ್ನೂ ಆಗಸ್ಟ್ 20. ಹಾಗಾಗಿ ನಾನು ಪ್ರತಿ ಅಧ್ಯಾಯದ ಮೇಲೆ ಅವಳ ಲೆಕ್ಕದ ತಾರೀಖು ಹಾಕಿದೆ. ನಿಜವಾದ ತಾರೀಖು ಪಕ್ಕದವಳ ಮಾತಿನ ನಡುವೆ ಬಂದುಹೋಗುತ್ತದೆ. ಅಂತರ ಬೆಳೆಯುತ್ತಾ ಹೋಗುತ್ತದೆ, ಯಾರೂ ಅದರ ಬಗ್ಗೆ ಏನೂ ಹೇಳುವುದಿಲ್ಲ.

ಸಿಫ್ರ್ 1972ರಲ್ಲಿ ಟೆಕ್ಸಾಸ್‌ನ ಗುಹೆಗೆ ಇಳಿದರು. ಅಲ್ಲಿ ಜೊತೆಗಿರಲಿ ಎಂದು ಒಂದು ಇಲಿಯನ್ನು ಹಿಡಿಯಹೋದರು. ಅದರ ಮೇಲೆ ಪಾತ್ರೆ ಕವುಚಿದಾಗ ಇಲಿ ಅಡಿಗೆ ಸಿಕ್ಕಿ ಸತ್ತಿತು. ಓದಿ ಬಹಳ ಹೊತ್ತು ಸುಮ್ಮನೆ ಕೂತೆ. ಇಲಿಯನ್ನು ಕಥೆಗೆ ತರಲಿಲ್ಲ. ಆದರೆ ನನ್ನ ನಾಯಕಿ ಕೆಮ್ಮಿಗೆ ಥಂಡಿ ಆಗಬಾರದೆಂದು ಬೀರುವಿನ ಸಂದಿಗೆಲ್ಲ ಹತ್ತಿ ತುರುಕುತ್ತಾಳೆ. ದಿನ ಕಳೆದಂತೆ ಕೆಮ್ಮು ಉಸಿರು ಕಟ್ಟಿದಂತೆ ಕೇಳಿಸತೊಡಗುತ್ತದೆ.

ದುಃಖಕ್ಕೆ ಐದು ಹಂತ, ಅದು ನಿರಾಕರಣೆಯಿಂದ ಶುರುವಾಗಿ ಒಪ್ಪಿಕೊಳ್ಳುವುದರಲ್ಲಿ ಮುಗಿಯುತ್ತದೆ ಅನ್ನುವ ಮಾತನ್ನು ನಾನು ಹತ್ತಿರ ಸೇರಿಸಲಿಲ್ಲ. ಮನೋವೈದ್ಯೆ ಎಲಿಸಬೆತ್ ಕ್ಯೂಬ್ಲರ್-ರಾಸ್ 1969ರಲ್ಲಿ ಅದನ್ನು ಬರೆದದ್ದು ಸಾವಿನ ಹೊಸ್ತಿಲಲ್ಲಿದ್ದ ರೋಗಿಗಳನ್ನು ಮಾತಾಡಿಸಿ. ಸತ್ತವರ ಹಿಂದೆ ಉಳಿದವರು ಆ ಮೆಟ್ಟಿಲುಗಳನ್ನೇ ಹತ್ತುತ್ತಾರೆ ಎಂದೇನಿಲ್ಲ. ಹಾಗಾಗಿ ಕೊನೆಯಲ್ಲಿ ಬೀರು ಖಾಲಿಯಾಗುವುದಿಲ್ಲ, ಅವಳೂ ಹುಷಾರಾಗುವುದಿಲ್ಲ. ಹತ್ತಿ ತೆಗೆಯುತ್ತಾಳೆ. ಪಕ್ಕದವಳು ಮತ್ತೆ ಬಂದು ಕೇಳಿದಾಗ "ನಾನಲ್ಲ ರೀ" ಎನ್ನುತ್ತಾಳೆ. ಆ ಮುಂದಿನ ಪುಟಕ್ಕೆ ಪಟ್ಟಷ್ಟು ಕಷ್ಟ ಬೇರೆ ಯಾವುದಕ್ಕೂ ಪಟ್ಟಿಲ್ಲ. ಪಕ್ಕದವಳು ಹೆದರಲೂ ಬಾರದು, ಅಯ್ಯೋ ಪಾಪ ಎನ್ನಲೂ ಬಾರದು. ಕೊನೆಗೆ ಅವಳು ಕುರ್ಚಿ ಎಳೆದುಕೊಂಡು ಕೂತು, "ಎಷ್ಟು ದಿನದಿಂದ ಈ ಕೆಮ್ಮು?" ಎಂದು ಕೇಳುವ ಹಾಗೆ ಬರೆದೆ.