ಯೂಲಿ ಗುರಿಯೆಲ್ ಆಟವನ್ನು ನಾನು ಸ್ಕೋರ್ ಪುಸ್ತಕಕ್ಕೆ ಇಳಿಸಿದ ಬಗೆ

ಬೇಸ್‌ಬಾಲ್ ಆಟಗಾರನ ವೃತ್ತಿಜೀವನವನ್ನು ಅಂಕಿಅಂಶದ ಪಟ್ಟಿಯಲ್ಲಿ ಓದಿದರೆ ಅರ್ಧ ಸಿಗುತ್ತದೆ. ಆಟಗಾರ ಕ್ಯೂಬಾದವನಾದರೆ ಅಷ್ಟೂ ಸಿಗುವುದಿಲ್ಲ. ಯೂಲಿ ಗುರಿಯೆಲ್ ಅವರನ್ನೇ ನೋಡಿ. ಅಮೆರಿಕದ ಲೆಕ್ಕದಲ್ಲಿ ಅವರ ಹೆಸರು ಶುರುವಾಗುವುದೇ 2016ರ ಆಗಸ್ಟ್‌ನಲ್ಲಿ. ಆಗ ಅವರಿಗೆ 32 ವರ್ಷ. ಅಷ್ಟರೊಳಗೆ ಕ್ಯೂಬಾದ ರಾಷ್ಟ್ರೀಯ ಲೀಗ್‌ನಲ್ಲಿ 15 ಸೀಸನ್ ಮುಗಿಸಿದ್ದರು. ಎರಡು ಒಲಿಂಪಿಕ್ಸ್ ಆಡಿದ್ದರು, ಜಪಾನ್‌ಗೂ ಹೋಗಿ ಬಂದಿದ್ದರು. ಅಮೆರಿಕದ ಪಟ್ಟಿಯಲ್ಲಿ ಇದ್ಯಾವುದೂ ಇಲ್ಲ. ಆ ಪಟ್ಟಿಯಲ್ಲಿ ಅವರು 32ನೇ ವಯಸ್ಸಿನ ಹೊಸಬ!

ಇದು ನನಗೆ ಸರಿ ಕಾಣಲಿಲ್ಲ. ಅವರ ಆಟವನ್ನು ನಾನೇ ಪಂದ್ಯ ಪಂದ್ಯವಾಗಿ ಬರೆದಿಡೋಣ ಅಂತ ಹೊರಟೆ. ಮೈಸೂರಿನಲ್ಲಿದ್ದಾಗ ಕ್ಲಬ್ ಕ್ರಿಕೆಟ್‌ಗೆ ಸ್ಕೋರರ್ ಆಗಿ ಕೂರುತ್ತಿದ್ದವನು ನಾನು. ಕೆಲಸಕ್ಕೆಂದು ಹ್ಯೂಸ್ಟನ್‌ಗೆ ಬಂದ ಮೇಲೆ ಆ ಅಭ್ಯಾಸ ಬೇಸ್‌ಬಾಲ್ ಕಡೆ ತಿರುಗಿತು. ಊರಿನ ತಂಡ ಆ್ಯಸ್ಟ್ರೋಸ್‌ನಲ್ಲೇ ಗುರಿಯೆಲ್ ಆಡುತ್ತಿದ್ದರು. ಅನಾನಸ್ ಹಣ್ಣಿನ ಹಾಗೆ ಮೇಲೆದ್ದ ಅವರ ಕೂದಲನ್ನು ನೋಡಿ ಎಲ್ಲರೂ ಅವರನ್ನು ‘ಲಾ ಪಿನ್ಯಾ’ ಅನ್ನುತ್ತಿದ್ದರು. ಎಷ್ಟೇ ಮೇಲಿನ ಸೀಟಿನಲ್ಲಿ ಕೂತರೂ ಗುರುತು ಸಿಗುತ್ತಿತ್ತು.

ಸ್ಕೋರ್ ಬರೆಯುವ ರೀತಿಯನ್ನು ಮೊದಲು ಹೇಳಿಬಿಡುತ್ತೇನೆ. ಮೈದಾನದಲ್ಲಿರುವ ಒಂಬತ್ತು ಜನಕ್ಕೂ ಒಂದೊಂದು ಸಂಖ್ಯೆ. ಚೆಂಡು ಎಸೆಯುವ ಪಿಚರ್ 1, ಬ್ಯಾಟರ್ ಹಿಂದೆ ಕೂತು ಹಿಡಿಯುವ ಕ್ಯಾಚರ್ 2, ಫಸ್ಟ್ ಬೇಸ್ 3, ಸೆಕೆಂಡ್ ಬೇಸ್ 4, ಥರ್ಡ್ ಬೇಸ್ 5, ಸೆಕೆಂಡ್ ಮತ್ತು ಥರ್ಡ್ ನಡುವೆ ನಿಲ್ಲುವ ಶಾರ್ಟ್‌ಸ್ಟಾಪ್ 6. ಹೊರಗಿನ ಮೂವರು 7, 8, 9. ನೆಲದ ಮೇಲೆ ಬಂದ ಚೆಂಡನ್ನು ಶಾರ್ಟ್‌ಸ್ಟಾಪ್ ಎತ್ತಿ ಫಸ್ಟ್ ಬೇಸ್‌ಗೆ ಎಸೆದು ಔಟ್ ಮಾಡಿದರೆ 6-3. ಮೂರು ಸ್ಟ್ರೈಕ್ (ಬೀಸಿ ತಪ್ಪಿದ ಅಥವಾ ಹೊಡೆಯದೆ ಬಿಟ್ಟ ಸರಿಯಾದ ಎಸೆತ) ಆಗಿ ಔಟಾದರೆ ಅದು ಸ್ಟ್ರೈಕ್‌ಔಟ್, ಅದಕ್ಕೆ ‘ಕೆ’ ಅಕ್ಷರ. ಬ್ಯಾಟ್ ಬೀಸದೆ ಸುಮ್ನೆ ನಿಂತು ಔಟಾದರೆ ಅದೇ ಅಕ್ಷರವನ್ನು ಹಿಂದುಮುಂದಾಗಿ ಬರೆಯಬೇಕು. ಪ್ರತಿ ಬ್ಯಾಟರ್‌ನ ಪ್ರತಿ ಸರದಿಗೂ ಒಂದು ಚೌಕ, ಅದರೊಳಗೆ ನಾಲ್ಕು ಬೇಸ್‌ಗಳ ಗುರುತು. ಕ್ರಿಕೆಟ್ ಸ್ಕೋರರ್‌ಗೆ ಇದು ಕಷ್ಟವೇನಲ್ಲ. ಒಂದೇ ವ್ಯತ್ಯಾಸ ಅಂದರೆ, ಇಲ್ಲಿ ಔಟ್ ಮಾಡುವುದರಲ್ಲಿ ಎಷ್ಟು ಜನರ ಕೈ ಇತ್ತೋ ಅಷ್ಟೂ ಜನರ ಸಂಖ್ಯೆ ಆ ಚೌಕಕ್ಕೆ ಬರಬೇಕು. ಬೇಸ್‌ಗಳ ಹತ್ತಿರ ನಿಲ್ಲುವ ಇನ್‌ಫೀಲ್ಡರ್‌ನ ಕೆಲಸ ಇಷ್ಟು ಚೆನ್ನಾಗಿ ಕಾಣುವ ಪುಸ್ತಕ ಬೇರೆ ಇಲ್ಲ.

ನಾನು ಎರಡು ಪೆನ್ಸಿಲ್ ಇಟ್ಟುಕೊಂಡೆ. ಪೂರ್ತಿ ವಿಡಿಯೊ ಸಿಕ್ಕ ಪಂದ್ಯಕ್ಕೆ ಗಾಢ ಬಣ್ಣದ್ದು, ಬರೀ ಬಾಕ್ಸ್ ಸ್ಕೋರ್ (ಪಂದ್ಯದ ಒಟ್ಟು ಅಂಕಿಗಳ ಪಟ್ಟಿ) ಸಿಕ್ಕ ಪಂದ್ಯಕ್ಕೆ ತಿಳಿ ಬಣ್ಣದ್ದು. ವಿಡಿಯೊ ನೋಡುವಾಗ ಕಾಮೆಂಟರಿ ಬಂದ್. ಮಾತು ಕೇಳುತ್ತಾ ಕೂತರೆ ಅವರು ಹೇಳಿದ್ದನ್ನೇ ಬರೆಯುತ್ತೇವೆ, ಕಂಡದ್ದನ್ನಲ್ಲ. ಚೆಂಡು ಬ್ಯಾಟಿಗೆ ತಾಗಿದ ಕೂಡಲೇ ನಿಲ್ಲಿಸಿ ಇನ್‌ಫೀಲ್ಡರ್‌ಗಳು ನಿಂತ ಜಾಗ ನೋಡಿಕೊಳ್ಳುತ್ತಿದ್ದೆ, ಆಮೇಲೆ ಮುಂದಕ್ಕೆ.

ಕ್ಯೂಬಾದ ವರ್ಷಗಳ ಪುಟಗಳು ಹೆಚ್ಚೂಕಡಿಮೆ ಎಲ್ಲವೂ ತಿಳಿ ಬಣ್ಣದವು. ಗುರಿಯೆಲ್ ಹುಟ್ಟಿದ್ದು 1984ರಲ್ಲಿ, ದ್ವೀಪದ ನಡುಭಾಗದ ಸಾಂಕ್ಟಿ ಸ್ಪೀರಿಟುಸ್‌ನಲ್ಲಿ. ಅಪ್ಪ ಲೂರ್ದೆಸ್ ಗುರಿಯೆಲ್ 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಚಿನ್ನ ಗೆದ್ದ ತಂಡದಲ್ಲಿದ್ದವರು. ಮಗ ಊರಿನ ತಂಡ ‘ಗಾಯೋಸ್’ ಪರ ಆಡಿ, ಆಮೇಲೆ ಹವಾನಾದ ಇಂಡುಸ್ಟ್ರಿಯಾಲೆಸ್ ಸೇರಿದರು. ಕ್ಯೂಬಾದಲ್ಲಿ ವೃತ್ತಿಪರ ಕ್ರೀಡೆಯನ್ನು 1961ರಲ್ಲೇ ನಿಷೇಧಿಸಿದ್ದರು. ಮರುವರ್ಷ ರಾಷ್ಟ್ರೀಯ ಲೀಗ್ ಶುರುವಾಯಿತು. ಹ್ಯೂಸ್ಟನ್ ತಂಡ ಹುಟ್ಟಿದ್ದೂ ಅದೇ 1962ರಲ್ಲಿ. ಈ ಲೀಗ್‌ನ ಆಟಗಾರರೆಲ್ಲ ದಾಖಲೆಯ ಮಟ್ಟಿಗೆ ಹವ್ಯಾಸಿಗಳು, ಸಿಗುತ್ತಿದ್ದುದು ಸರ್ಕಾರದ ಸಣ್ಣ ಸಂಬಳ. ಆಡುತ್ತಿದ್ದುದು ಮಾತ್ರ ದೊಡ್ಡ ಆಟವೇ. 20ನೇ ವಯಸ್ಸಿಗೆ ಗುರಿಯೆಲ್ ಕೊರಳಲ್ಲಿ 2004ರ ಅಥೆನ್ಸ್ ಚಿನ್ನ. 2006ರಲ್ಲಿ ಮೊದಲ ವಿಶ್ವ ಬೇಸ್‌ಬಾಲ್ ಕ್ಲಾಸಿಕ್‌ನ ಫೈನಲ್‌ವರೆಗೆ ಹೋದ ತಂಡದ ಸೆಕೆಂಡ್ ಬೇಸ್‌ಮನ್ ಅವರೇ.

ನನ್ನ ಪುಸ್ತಕದಲ್ಲಿ ನಾನು ಜಾಸ್ತಿ ಹೊತ್ತು ಕೂತ ಪುಟ 2008ರ ಬೀಜಿಂಗ್ ಫೈನಲ್‌ನದು. ದಕ್ಷಿಣ ಕೊರಿಯಾ 3, ಕ್ಯೂಬಾ 2. ಒಂಬತ್ತನೇ ಇನ್ನಿಂಗ್‌ನ ಕೊನೆಯ ಅರ್ಧ, ಮೂರೂ ಬೇಸ್‌ಗಳಲ್ಲಿ ಕ್ಯೂಬಾ ಓಟಗಾರರು, ಆಗಬೇಕಾದ ಮೂರರಲ್ಲಿ ಒಂದೇ ಔಟ್. ಕೊರಿಯಾದ ಕ್ಯಾಚರ್ ಅಂಪೈರ್ ಜೊತೆ ವಾದ ಮಾಡಿ ಹೊರಗೆ ಹೋಗಿಯಾಗಿದೆ. ಅಲ್ಲಿಯವರೆಗೆ ಎಸೆದಿದ್ದ ರ್ಯು ಹ್ಯುನ್-ಜಿನ್‌ರನ್ನು ತೆಗೆದು, ಕೈಯನ್ನು ನೆಲದ ಹತ್ತಿರದಿಂದ ತಂದು ಎಸೆಯುವ ಚೊಂಗ್ ತೇ-ಹ್ಯೊನ್‌ರನ್ನು ಇಳಿಸಿದ್ದಾರೆ. ಬ್ಯಾಟ್ ಹಿಡಿದು ನಿಂತವರು ಗುರಿಯೆಲ್. ಒಂದು ಹಿಟ್, ಅಂದರೆ ಔಟಾಗದೆ ಬೇಸ್ ಮುಟ್ಟಿಸುವ ಹೊಡೆತ, ಸಿಕ್ಕರೆ ಚಿನ್ನ. ಕೆಳಗಿಂದ ಏಳುವ ಆ ಎಸೆತಕ್ಕೆ ಚೆಂಡನ್ನು ಮೇಲಕ್ಕೆತ್ತುವುದು ಕಷ್ಟ. ಅದು ನೆಲದ ಮೇಲೆ ಶಾರ್ಟ್‌ಸ್ಟಾಪ್ ಕಡೆ ಹೋಯಿತು. 6-4-3, ಒಂದೇ ಹೊಡೆತಕ್ಕೆ ಇಬ್ಬರು ಔಟಾಗುವ ಡಬಲ್ ಪ್ಲೇ, ಪಂದ್ಯ ಮುಗಿಯಿತು.

ಸೋತಿದ್ದಕ್ಕೆ ಇಡೀ ಹೊರೆಯನ್ನು ಒಬ್ಬರ ಮೇಲೆ ಹೊರಿಸಿದ್ದು ಅನ್ಯಾಯ ಅಂತ ನನಗೆ ಈಗಲೂ ಅನಿಸುತ್ತದೆ. ಆ ಪುಟ ಬರೆದು ನೋಡಿ, ಮೊದಲ ಇನ್ನಿಂಗ್‌ನಲ್ಲಿ ಕೊರಿಯಾದ ಇ ಸುಂಗ್-ಯೊಪ್ ಹೊಡೆದ ಎರಡು ರನ್‌ನ ಹೋಮ್ ರನ್ (ಮೈದಾನದಾಚೆ ಹೋದ ಹೊಡೆತ) ಎಷ್ಟು ಭಾರವಾಗಿ ಕೂತಿದೆ ಅಂತ ಗೊತ್ತಾಗುತ್ತದೆ. ಆ ಪಂದ್ಯದ ನಂತರ ಒಲಿಂಪಿಕ್ಸ್‌ನಿಂದ ಬೇಸ್‌ಬಾಲ್ ಕೂಡ ಹೋಯಿತು. ಮತ್ತೆ ಬಂದದ್ದು ಟೋಕಿಯೊದಲ್ಲಿ.

2013ರಲ್ಲಿ ಕ್ಯೂಬಾ ಸರ್ಕಾರ ಆಟಗಾರರನ್ನು ಹೊರದೇಶಕ್ಕೆ ಕಳಿಸಲು ಒಪ್ಪಿತು. 2014ರಲ್ಲಿ ಗುರಿಯೆಲ್ ಯೊಕೊಹಾಮಾ ಡಿಎನ್ಎ ಬೇಸ್ಟಾರ್ಸ್ ಪರ 62 ಪಂದ್ಯ ಆಡಿ .305 ಸರಾಸರಿ ಮಾಡಿದರು. ಮರುವರ್ಷ ಜಪಾನ್‌ಗೆ ಹೋಗಲಿಲ್ಲ, ಒಪ್ಪಂದ ರದ್ದಾಯಿತು. 2015–16ರ ಸೀಸನ್‌ನಲ್ಲಿ ಕ್ಯೂಬಾದಲ್ಲಿ ಅವರ ಸರಾಸರಿ .500! ಎರಡು ಸಲ ಬ್ಯಾಟ್ ಹಿಡಿದರೆ ಒಂದು ಹಿಟ್. ಅಲ್ಲಿ ಅವರಿಗೆ ಇನ್ನು ಮಾಡುವುದೇನೂ ಉಳಿದಿರಲಿಲ್ಲ.

ಆದರೆ ಅಮೆರಿಕಕ್ಕೆ ನೇರ ದಾರಿ ಇರಲಿಲ್ಲ. ಅಮೆರಿಕದ ನಿರ್ಬಂಧದ ಕಾರಣ ಕ್ಯೂಬಾದಲ್ಲೇ ನೆಲೆಸಿದ ಆಟಗಾರನ ಜೊತೆ ಕ್ಲಬ್‌ಗಳು ಒಪ್ಪಂದ ಮಾಡುವ ಹಾಗಿಲ್ಲ. ಮೊದಲು ಊರು ಬಿಡಬೇಕು, ಬೇರೆ ದೇಶದಲ್ಲಿ ನೆಲೆ ತೋರಿಸಬೇಕು. 2016ರ ಫೆಬ್ರವರಿಯಲ್ಲಿ ಕೆರಿಬಿಯನ್ ಸರಣಿ ಮುಗಿದ ಮೇಲೆ, ಡೊಮಿನಿಕನ್ ಗಣರಾಜ್ಯದ ಸಾಂಟೊ ಡೊಮಿಂಗೊದ ಹೋಟೆಲ್‌ನಿಂದ ಗುರಿಯೆಲ್ ಮತ್ತು ತಮ್ಮ ಲೂರ್ದೆಸ್ ಜೂನಿಯರ್ ತಂಡ ಬಿಟ್ಟು ಹೊರಟರು. ಜುಲೈನಲ್ಲಿ ಹ್ಯೂಸ್ಟನ್ ಜೊತೆ ಐದು ವರ್ಷಕ್ಕೆ 4.75 ಕೋಟಿ ಡಾಲರ್ ಒಪ್ಪಂದ. ತಮ್ಮ ಲೂರ್ದೆಸ್ ಮಾತ್ರ 23 ತುಂಬುವವರೆಗೆ ಕಾದರು. ಆ ವಯಸ್ಸು ದಾಟಿದರೆ ವಿದೇಶಿ ಹುಡುಗರಿಗಿದ್ದ ಹಣದ ಮಿತಿ ಅನ್ವಯಿಸುತ್ತಿರಲಿಲ್ಲ. ಆಮೇಲೆ ಟೊರೊಂಟೊ ಸೇರಿದರು. ಕ್ಯೂಬಾದಿಂದಲೇ ನೇರವಾಗಿ ಬರಲು ಅವಕಾಶ ಕೊಡುವ ಒಪ್ಪಂದವೊಂದು 2018ರ ಡಿಸೆಂಬರ್‌ನಲ್ಲಿ ಆಗಿತ್ತು. 2019ರ ಏಪ್ರಿಲ್‌ನಲ್ಲಿ ಅಮೆರಿಕ ಸರ್ಕಾರ ಅದನ್ನು ರದ್ದು ಮಾಡಿತು. ಒಳ್ಳೆಯ ವಯಸ್ಸೆಲ್ಲ ಈ ಕಾಯುವುದರಲ್ಲೇ ಹೋದ ಆಟಗಾರರನ್ನು ನೆನೆದರೆ ಹೊಟ್ಟೆ ಉರಿಯುತ್ತದೆ.

ಹ್ಯೂಸ್ಟನ್ ಪುಟಗಳಲ್ಲಿ ನನ್ನ ಕಣ್ಣಿಗೆ ಬಿದ್ದ ಮೊದಲ ಸಂಗತಿ ಇದು. ಥರ್ಡ್ ಬೇಸ್‌ನಲ್ಲಿ ಅಲೆಕ್ಸ್ ಬ್ರೆಗ್‌ಮನ್ ನಿಂತರು, ಗುರಿಯೆಲ್ 2017ರಲ್ಲಿ ಫಸ್ಟ್ ಬೇಸ್‌ಗೆ ಹೋದರು. ಅಲ್ಲಿಯವರೆಗೆ 5-3, 4-3 ಎಂದು ಸಾಲಿನ ಶುರುವಿನಲ್ಲಿ ಬರುತ್ತಿದ್ದ ಅವರ ಸಂಖ್ಯೆ ಈಗ ಸಾಲಿನ ಕೊನೆಗೆ ಬಂತು. ಎಸೆಯುತ್ತಿದ್ದವರು ಹಿಡಿಯುವವರಾದರು. ಥರ್ಡ್ ಬೇಸ್‌ನಲ್ಲಿ ಬ್ಯಾಟಿನಿಂದ ಚೆಂಡು ರಭಸವಾಗಿ ಬರುತ್ತದೆ, ಯೋಚಿಸಲು ಸಮಯವಿಲ್ಲ. ಫಸ್ಟ್ ಬೇಸ್‌ನಲ್ಲಿ ಮೊದಲು ಬೇಸ್‌ಗೆ ಓಡಬೇಕು, ಒಂದು ಕಾಲನ್ನು ಅದಕ್ಕೆ ತಾಗಿಸಿ ಇನ್ನೊಂದನ್ನು ಎಸೆತ ಬರುವ ಕಡೆ ಚಾಚಬೇಕು. ಬೇಗ ಚಾಚಿದರೆ ಪಕ್ಕಕ್ಕೆ ಬಂದ ಎಸೆತ ಸಿಗುವುದಿಲ್ಲ. ಗುರಿಯೆಲ್ ಕಾಯುತ್ತಿದ್ದರು. ಚೆಂಡು ಎಸೆದವರ ಕೈ ಬಿಟ್ಟು ದಿಕ್ಕು ಗೊತ್ತಾದ ಮೇಲೆ ಮಾತ್ರ ಎಡಗಾಲು ಮುಂದಕ್ಕೆ ಹೋಗುತ್ತಿತ್ತು. ಮುಂದೆ ಮಣ್ಣಿಗೆ ಬಡಿದು ಪುಟಿಯುವ ಎಸೆತಗಳನ್ನು ಗ್ಲೌಸ್‌ನಲ್ಲಿ ಎತ್ತಿಕೊಂಡಾಗಲೆಲ್ಲ ನಾನು 3ರ ಕೆಳಗೆ ಒಂದು ಚುಕ್ಕೆ ಇಡುತ್ತಾ ಹೋದೆ. ಸಾಮಾನ್ಯ ಬಾಕ್ಸ್ ಸ್ಕೋರ್‌ನಲ್ಲಿ ಇದಕ್ಕೆ ಜಾಗವೇ ಇಲ್ಲ. ಒಂದೊಂದು ಚುಕ್ಕೆಯೂ ಬೇರೊಬ್ಬ ಇನ್‌ಫೀಲ್ಡರ್‌ನ ಎರರ್ (ಫೀಲ್ಡಿಂಗ್ ತಪ್ಪು) ತಪ್ಪಿಸಿದ ಲೆಕ್ಕ. 2021ರಲ್ಲಿ ಅವರಿಗೆ ಒಳ್ಳೆಯ ಫೀಲ್ಡಿಂಗ್‌ಗೆ ಕೊಡುವ ಗೋಲ್ಡ್ ಗ್ಲೌವ್ ಪ್ರಶಸ್ತಿ ಬಂದಾಗ ನನಗೆ ಆಶ್ಚರ್ಯವಾಗಲಿಲ್ಲ.

2017ರ ಪುಟಗಳಲ್ಲಿ ಸಂತೋಷದ ಜೊತೆ ಕಸಿವಿಸಿಯೂ ಇದೆ. ಅಮೆರಿಕದ ಅಂತಿಮ ಸರಣಿಯಾದ ವರ್ಲ್ಡ್ ಸಿರೀಸ್‌ನ ಮೂರನೇ ಪಂದ್ಯದಲ್ಲಿ ಲಾಸ್ ಏಂಜಲೀಸ್ ತಂಡದ ಜಪಾನಿ ಪಿಚರ್ ಯು ದಾರ್ವಿಶ್ ಎಸೆತಕ್ಕೆ ಹೋಮ್ ರನ್ ಹೊಡೆದ ಮೇಲೆ, ಗುರಿಯೆಲ್ ಡಗೌಟ್‌ನಲ್ಲಿ ಏಷ್ಯಾದವರನ್ನು ಅಣಕಿಸುವ ಹಾಗೆ ಕಣ್ಣು ಎಳೆದು ತೋರಿಸಿದರು. ಜಪಾನ್‌ನಲ್ಲಿ ಆಡಿ ಬಂದವರು ಹಾಗೆ ಮಾಡಬಾರದಿತ್ತು. ಕ್ಷಮೆ ಕೇಳಿದರು, 2018ರ ಶುರುವಿನ ಐದು ಪಂದ್ಯಗಳಿಗೆ ನಿಷೇಧವಾಯಿತು. ಏಳನೇ ಪಂದ್ಯದಲ್ಲಿ ಬ್ಯಾಟ್‌ಗೆ ಬಂದಾಗ ದಾರ್ವಿಶ್ ಕಡೆ ಹೆಲ್ಮೆಟ್ ಮುಟ್ಟಿ ಗೌರವ ಸೂಚಿಸಿದರು. ಆ ವರ್ಷ ಹ್ಯೂಸ್ಟನ್ ತಂಡ ಎದುರಾಳಿ ಕ್ಯಾಚರ್‌ಗಳ ಸನ್ನೆಗಳನ್ನು ಕ್ಯಾಮೆರಾದಿಂದ ಕದಿಯುತ್ತಿತ್ತು ಅಂತ 2020ರ ತನಿಖೆ ಹೇಳಿತು. ಹಾಗಾಗಿ ಆ ವರ್ಷ ಹ್ಯೂಸ್ಟನ್‌ನಲ್ಲಿ ನಡೆದ ಪಂದ್ಯಗಳ ಪುಟಗಳ ಅಂಚಿಗೆ ನಾನು ಒಂದು ಗೆರೆ ಎಳೆದಿದ್ದೇನೆ. ಓದುವವರಿಗೆ ಗೊತ್ತಿರಲಿ.

ಏಳನೇ ಪಂದ್ಯ ನಡೆದದ್ದು ಲಾಸ್ ಏಂಜಲೀಸ್‌ನಲ್ಲಿ, ಅದಕ್ಕೆ ಆ ಗೆರೆ ಇಲ್ಲ. ಕೊನೆಯ ಔಟ್ 4-3. ಕೋರಿ ಸೀಗರ್ ಹೊಡೆದ ಚೆಂಡನ್ನು ಹ್ಯೂಸ್ಟನ್‌ನ ಸೆಕೆಂಡ್ ಬೇಸ್‌ಮನ್ ಹೊಸೆ ಆಲ್ಟೂವೆ ಬಲಗಡೆ ಹುಲ್ಲಿನಲ್ಲಿ ಎತ್ತಿ ಎಸೆದರು, ಗುರಿಯೆಲ್ ಹಿಡಿದರು. ಹ್ಯೂಸ್ಟನ್‌ಗೆ ಮೊದಲ ಪ್ರಶಸ್ತಿ. ಬೀಜಿಂಗ್‌ನ 6-4-3 ಪುಟವನ್ನು ಇದರ ಪಕ್ಕ ಇಟ್ಟು ನೋಡಿ. ಒಲಿಂಪಿಕ್ ಬೆಳ್ಳಿ ಮತ್ತು ವರ್ಲ್ಡ್ ಸಿರೀಸ್, ಎರಡೂ ತೀರ್ಮಾನವಾದದ್ದು ನೆಲದ ಮೇಲೆ ಉರುಳಿದ ಚೆಂಡಿನಿಂದ, ಎರಡರಲ್ಲೂ ಅವರು ಇದ್ದಾರೆ. ಎರಡು ದೇಶದ ಪಟ್ಟಿಗಳನ್ನು ಬೇರೆ ಬೇರೆ ಓದಿದರೆ ಇದು ಕಾಣುತ್ತದಾ?

2019ರಲ್ಲಿ 31 ಹೋಮ್ ರನ್. ಅದಕ್ಕಿಂತ ನನಗೆ ಇಷ್ಟ 2021. ಸರಾಸರಿ .319, 37ನೇ ವಯಸ್ಸಿನಲ್ಲಿ ಅತಿ ಹೆಚ್ಚು ಸರಾಸರಿಗೆ ಸಿಗುವ ಅಮೆರಿಕನ್ ಲೀಗ್ ಬ್ಯಾಟಿಂಗ್ ಪ್ರಶಸ್ತಿ. ಕ್ಯೂಬಾದಲ್ಲಿ ಹುಟ್ಟಿದ ಟೋನಿ ಓಲಿವಾ 1971ರಲ್ಲಿ ಗೆದ್ದಿದ್ದ ಪ್ರಶಸ್ತಿ ಅದು. 600ಕ್ಕೂ ಜಾಸ್ತಿ ಸರದಿಗಳಲ್ಲಿ ಬರೀ 68 ಸ್ಟ್ರೈಕ್‌ಔಟ್. ಪುಟದ ಮೇಲೆ ಪುಟ ತಿರುಗಿಸಿದರೂ ‘ಕೆ’ ಅಕ್ಷರ ಅಪರೂಪಕ್ಕೆ ಸಿಗುತ್ತದೆ.

2022ರಲ್ಲಿ ಎರಡನೇ ವರ್ಲ್ಡ್ ಸಿರೀಸ್ ಪ್ರಶಸ್ತಿ. ಐದನೇ ಪಂದ್ಯದಲ್ಲಿ ಬೇಸ್‌ಗಳ ನಡುವೆ ಸಿಕ್ಕಿಬಿದ್ದು ಮೊಣಕಾಲಿಗೆ ಪೆಟ್ಟಾಗಿ, ಆರನೇ ಪಂದ್ಯಕ್ಕೆ ಅವರು ತಂಡದಲ್ಲಿರಲಿಲ್ಲ. ಅವರ ಜಾಗಕ್ಕೆ ಬಂದ ಟ್ರೇ ಮಾನ್ಸಿನಿ ಅದೇ ಐದನೇ ಪಂದ್ಯದಲ್ಲಿ ಕೈಲ್ ಶ್ವಾರ್ಬರ್ ಹೊಡೆದ ರಭಸದ ಚೆಂಡನ್ನು ತಡೆದು ಬೇಸ್ ಮುಟ್ಟಿ ಔಟ್ ಮಾಡಿದರು. ಗುರಿಯೆಲ್ ಪುಸ್ತಕದಲ್ಲಿ ಬೇರೆಯವರ 3ನ್ನು ನಾನು ದೊಡ್ಡದಾಗಿ ಬರೆದಿರುವುದು ಅಲ್ಲಿ ಮಾತ್ರ. ಆಮೇಲೆ ಮಯಾಮಿ, ಕ್ಯಾನ್ಸಸ್ ಸಿಟಿ, 2025ರಲ್ಲಿ 40ನೇ ವಯಸ್ಸಿಗೆ ಸ್ಯಾನ್ ಡಿಯೇಗೊ. ಆ ಪುಟಗಳು ಕಡಿಮೆ.

ನೀವೂ ಬರೆಯಬೇಕೆಂದಿದ್ದರೆ 2017ರ ವರ್ಲ್ಡ್ ಸಿರೀಸ್‌ನ ಐದನೇ ಪಂದ್ಯದಿಂದ ಶುರುಮಾಡಬೇಡಿ. 13-12, ಹತ್ತು ಇನ್ನಿಂಗ್, ಐದು ಗಂಟೆಗೂ ಹೆಚ್ಚು. ಕ್ಲೇಟನ್ ಕರ್ಶಾ ಎಸೆತಕ್ಕೆ ಗುರಿಯೆಲ್ ಹೊಡೆದ ಮೂರು ರನ್‌ನ ಹೋಮ್ ರನ್ ಬರುವಷ್ಟರಲ್ಲೇ ಚೌಕಗಳು ತುಂಬಿ ಹೋಗುತ್ತವೆ. ರನ್ ಕಡಿಮೆ ಇರುವ ಪಂದ್ಯ ಹಿಡಿಯಿರಿ. ಪೆನ್ನು ಬೇಡ, ಪೆನ್ಸಿಲ್ ಇರಲಿ. ಆಟಗಾರ ನಿಂತ ಜಾಗ ಯಾವುದೇ ಇರಲಿ, ಸಂಖ್ಯೆ ಮಾತ್ರ ಅವನ ಸ್ಥಾನದ್ದೇ. ಹುಲ್ಲಿನಲ್ಲಿ ನಿಂತಿದ್ದರೂ ಆಲ್ಟೂವೆ 4.