ಡಿಗ್ರಿ ಮುಗಿಸಿದ ಮೇಲೆ ಆರ್ಕಿಟೆಕ್ಚರ್: ಬಳ್ಳಾರಿ, ರಾಯಚೂರು, ಕೊಪ್ಪಳದವರಿಗೆ ದಾರಿ

ಡಿಗ್ರಿ ಸರ್ಟಿಫಿಕೇಟ್ ಬದಿಗಿಟ್ಟು ಮೊದಲು ಪಿಯುಸಿ ಅಂಕಪಟ್ಟಿ ಹುಡುಕಿ ತೆಗೆಯಿರಿ. ಆರ್ಕಿಟೆಕ್ಚರ್ ಪದವಿಯಾದ ಬಿ.ಆರ್ಕ್‌ಗೆ ಲೆಕ್ಕಕ್ಕೆ ಬರುವುದು ಅದೇ. ಗಣಿತ, ಭೌತಶಾಸ್ತ್ರ ಎರಡೂ ಇರಬೇಕು, ಒಟ್ಟು ಅಂಕ ಈಚಿನ ನಿಯಮದಂತೆ ಕನಿಷ್ಠ ಶೇ. 45. ಪಿಯುಸಿ ಬದಲು ಮೂರು ವರ್ಷದ ಡಿಪ್ಲೊಮಾ ಮಾಡಿದವರಿಗೂ ಅವಕಾಶವಿದೆ, ಅಲ್ಲೂ ಗಣಿತ ಕಡ್ಡಾಯ. ಪಿಯುಸಿಯಲ್ಲಿ ಗಣಿತ ಓದದವರಿಗೆ ಬಿ.ಎಸ್ಸಿ.ಯಲ್ಲಿ ಎಷ್ಟೇ ಅಂಕ ಬಂದಿದ್ದರೂ ಉಪಯೋಗವಿಲ್ಲ.

ಸಿವಿಲ್ ಬಿ.ಇ. ಆದವರು ನೇರವಾಗಿ ಎಂ.ಆರ್ಕ್ (ಆರ್ಕಿಟೆಕ್ಚರ್ ಸ್ನಾತಕೋತ್ತರ ಪದವಿ) ಸೇರಬಹುದು ಅಂತ ಊರಲ್ಲಿ ಹೇಳುವವರಿದ್ದಾರೆ. ಆಗುವುದಿಲ್ಲ. ಎಂ.ಆರ್ಕ್‌ಗೆ ಬಿ.ಆರ್ಕ್ ಆಗಿರಲೇಬೇಕು, ಬಿ.ಆರ್ಕ್ ಐದು ವರ್ಷ, ಎರಡನೇ ವರ್ಷಕ್ಕೆ ನೇರ ಪ್ರವೇಶವೂ ಇಲ್ಲ. 1972ರ ಆರ್ಕಿಟೆಕ್ಟ್ಸ್ ಕಾಯ್ದೆಯ ಪ್ರಕಾರ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಣಿಯಾದವರು ಮಾತ್ರ ಹೆಸರಿನ ಜೊತೆ ಆರ್ಕಿಟೆಕ್ಟ್ ಅಂತ ಬರೆದುಕೊಳ್ಳಬಹುದು. ಇನ್ನೂ ಐದು ವರ್ಷ ಓದಲು ಮನೆಯಲ್ಲಿ ಒಪ್ಪದಿದ್ದರೆ ಎಂ.ಪ್ಲಾನ್ ನೋಡಿ: ಎರಡು ವರ್ಷದ ಕೋರ್ಸು, ನಗರ ಯೋಜನೆಯ ಓದು. ಸಿವಿಲ್ ಬಿ.ಇ. ಆದವರಿಗೂ ಭೂಗೋಳ, ಅರ್ಥಶಾಸ್ತ್ರ, ಸಮಾಜಶಾಸ್ತ್ರದಲ್ಲಿ ಎಂ.ಎ. ಆದವರಿಗೂ ಸೀಟು ಇರುತ್ತದೆ. ದೊಡ್ಡ ಸಂಸ್ಥೆಗಳಿಗೆ ಗೇಟ್ (ಸ್ನಾತಕೋತ್ತರ ಪ್ರವೇಶದ ರಾಷ್ಟ್ರಮಟ್ಟದ ಪರೀಕ್ಷೆ) ಅಂಕ ಬೇಕು. ನಮ್ಮ ಅಭಿಪ್ರಾಯದಲ್ಲಿ, ಸಿವಿಲ್ ಓದಿದವರಿಗೆ ಕಟ್ಟಡಕ್ಕಿಂತ ಊರಿನ ರಸ್ತೆ, ನೀರು, ಲೇಔಟ್ ಮೇಲೆ ಹೆಚ್ಚು ಆಸಕ್ತಿಯಿದ್ದರೆ ಇದೇ ಸರಿಯಾದ ದಾರಿ.

ಬಿ.ಆರ್ಕ್‌ಗೆ ಮುಖ್ಯವಾಗಿ ಎರಡು ಪರೀಕ್ಷೆಗಳಿವೆ. ಜೆಇಇ ಮೇನ್‌ನ ಪೇಪರ್ 2ಎ ಬರೆಯಲು ಪಿಯುಸಿ ಅದೇ ವರ್ಷ ಅಥವಾ ಹಿಂದಿನ ಎರಡು ವರ್ಷಗಳಲ್ಲಿ ಪಾಸಾಗಿರಬೇಕು, ಹಾಗಾಗಿ ಡಿಗ್ರಿ ಮುಗಿಸಿದವರಿಗೆ ಅದು ಮುಚ್ಚಿದ ಬಾಗಿಲು. ಉಳಿಯುವುದು ನಾಟಾ, ಅಂದರೆ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್ ನಡೆಸುವ ಪ್ರವೇಶ ಪರೀಕ್ಷೆ. ಒಟ್ಟು 200 ಅಂಕ: ಡ್ರಾಯಿಂಗ್ ಇರುವ ಎ ಭಾಗಕ್ಕೆ 80, ಕಂಪ್ಯೂಟರಿನಲ್ಲಿ ಬರೆಯುವ ಬಿ ಭಾಗಕ್ಕೆ 120, ತಲಾ 90 ನಿಮಿಷ. ಎ ಭಾಗದಲ್ಲಿ ಬಣ್ಣ ಮತ್ತು ಸಂಯೋಜನೆಗೆ 25, ಸ್ಕೆಚ್ಚಿಗೆ 25, ಅಲ್ಲೇ ಕೊಡುವ ಸಾಮಾನಿನಿಂದ ಮಾಡುವ ತ್ರೀಡಿ ರಚನೆಗೆ 30. ಹೆಚ್ಚಿನವರು ಮೊದಲ ಚಿತ್ರಕ್ಕೇ ಮುಕ್ಕಾಲು ಗಂಟೆ ಸುರಿದು, ಹೆಚ್ಚು ಅಂಕದ ತ್ರೀಡಿಗೆ ಬರುವಾಗ ಗಡಿಬಿಡಿಗೆ ಬೀಳುತ್ತಾರೆ. ಮನೆಯಲ್ಲಿ ಅಭ್ಯಾಸ ಮಾಡುವಾಗಲೇ ಗಡಿಯಾರ ಇಟ್ಟು ಒಂದೊಂದನ್ನೂ 28 ನಿಮಿಷದೊಳಗೆ ಮುಗಿಸಿ. ತ್ರೀಡಿ ಅಭ್ಯಾಸಕ್ಕೆ ಹಳೆಯ ಲಗ್ನಪತ್ರಿಕೆ, ಬೆಂಕಿಪೊಟ್ಟಣ, ದಾರ ಸಾಕು. ಅಂಟು ಬಳಸದೆ ಸೀಳು ಮಾಡಿ ಸಿಕ್ಕಿಸಿ ನಿಲ್ಲಿಸುವುದನ್ನು ಕಲಿಯಿರಿ.

ಡ್ರಾಯಿಂಗ್ ಬರುವುದಿಲ್ಲ ಎಂದು ಹೆದರುವವರು ಕೋಚಿಂಗಿಗೆ ದುಡ್ಡು ಕಟ್ಟುವ ಮುಂಚೆ ಊರಿನ ಒಂದು ಹಳೆಯ ಮಾಳಿಗೆ ಮನೆಯನ್ನು ಅಳೆದು ಬರೆಯಿರಿ. ನಾಟಾದಲ್ಲಿ ಇದನ್ನು ಕೇಳುವುದಿಲ್ಲ, ಆದರೆ ಕಣ್ಣಿಗೆ ಪ್ರಮಾಣ ಕೂರುವುದು ಇದರಿಂದಲೇ. ಆ ಮನೆಯವರನ್ನು ಕೇಳಿಕೊಂಡೇ ಹೋಗಿ. 5 ಮೀಟರ್ ಮತ್ತು 30 ಮೀಟರ್ ಟೇಪು, ಎಚ್‌ಬಿ ಮತ್ತು 2ಬಿ ಪೆನ್ಸಿಲ್, ರಟ್ಟಿನ ಮೇಲೆ ಕ್ಲಿಪ್ ಹಾಕಿದ ಹಾಳೆ, ಟೇಪು ಹಿಡಿಯಲು ಒಬ್ಬರು, ಇಷ್ಟು ಜೊತೆಗಿರಲಿ. ಏಪ್ರಿಲ್, ಮೇ ಆದರೆ ಬೆಳಿಗ್ಗೆ ಒಂಬತ್ತರೊಳಗೆ ಹೊರಗಿನ ಅಳತೆ ಮುಗಿಸಿ.

ಮೊದಲು ಕೈಯಲ್ಲೇ ಒರಟು ನಕ್ಷೆ ಹಾಕಿ, ಅಂಕಣ ಎಷ್ಟು, ಕಂಬ ಎಲ್ಲಿ ಗುರುತಿಸಿ. ಪಡಸಾಲೆಯ ಒಂದು ಮೂಲೆಗೆ ಟೇಪಿನ ಸೊನ್ನೆ ಹಿಡಿದು, ಟೇಪು ಎತ್ತದೆ ಬಾಗಿಲು, ಕಂಬ, ಕಿಟಕಿಯ ಅಂಚುಗಳನ್ನು ಓದುತ್ತಾ ಹೋಗಿ. ತುಂಡುತುಂಡಾಗಿ ಅಳೆದು ಕೂಡಿಸಿದರೆ ಪ್ರತಿ ತುಂಡಿನ ತಪ್ಪೂ ಸೇರಿ ಕೊನೆಗೆ ಗೋಡೆ ಕೂಡುವುದಿಲ್ಲ. ಪ್ರತಿ ಕೋಣೆಯ ಎರಡೂ ಕರ್ಣ ಅಳೆಯಿರಿ. 3 ಮೀಟರಿಗೆ 4 ಮೀಟರ್ ಕೋಣೆಯ ಕರ್ಣ 5 ಮೀಟರ್ ಬರಬೇಕು, ಹಳೆಯ ಮನೆಯಲ್ಲಿ ಬಹುಶಃ ಬರುವುದಿಲ್ಲ. ಬಂದದ್ದನ್ನೇ ಬರೆಯಿರಿ, ನೇರ ಮಾಡಬೇಡಿ. ಗೋಡೆಯ ದಪ್ಪ ಎಂದು ಬಾಗಿಲ ಚೌಕಟ್ಟಿನ ದಪ್ಪ ಬರೆಯುವುದು ಎಲ್ಲರೂ ಮಾಡುವ ತಪ್ಪು. ಚೌಕಟ್ಟು ಬಿಟ್ಟು ಗೋಡೆಯ ಒಳಮುಖದಿಂದ ಹೊರಮುಖಕ್ಕೆ ಅಳೆಯಿರಿ.

1:50 ಸ್ಕೇಲಿನಲ್ಲಿ 12 ಮೀಟರಿಗೆ 9 ಮೀಟರಿನ ಮನೆ 24 ಸೆಂ.ಮೀ.ಗೆ 18 ಸೆಂ.ಮೀ. ಆಗುತ್ತದೆ, ಎ3 ಹಾಳೆಯಲ್ಲಿ ಆರಾಮಾಗಿ ಕೂರುತ್ತದೆ. 60 ಸೆಂ.ಮೀ. ಮಣ್ಣಿನ ಗೋಡೆ 12 ಮಿ.ಮೀ. ಬರುತ್ತದೆ. ಒಂದು ಸೆಕ್ಷನ್ನನ್ನು (ಮನೆಯನ್ನು ಮೇಲಿಂದ ಕೆಳಗೆ ಸೀಳಿದಂತೆ ತೋರಿಸುವ ಚಿತ್ರ) ಬೆಳಕಿಂಡಿಯ ಮೂಲಕವೇ ಕತ್ತರಿಸಿ: ತೊಲೆ, ಅದರ ಮೇಲೆ ಜಂತಿ, ಮೇಲಿನ ಮಣ್ಣು, ಬೆಳಕು ಬೀಳುವ ಜಾಗ ಎಲ್ಲ ಒಂದೇ ಚಿತ್ರದಲ್ಲಿ ಸಿಗುತ್ತವೆ. ಕೊಪ್ಪಳದ ಕಡೆಯವರು ಆಮೇಲೆ ಇಟಗಿಯ ಮಹಾದೇವ ದೇವಾಲಯಕ್ಕೆ ಹೋಗಿ ಒಂದೇ ಒಂದು ಕಂಬ ಬರೆಯಿರಿ. 1112ರ ಈ ಗುಡಿಯ ಕಂಬಗಳ ಸುತ್ತುಬಳೆಗಳನ್ನು ನೋಡಿ ಬರೆದರೆ ಅಂಡಾಕಾರಗಳ ಅಭ್ಯಾಸ ತಾನಾಗಿಯೇ ಆಗುತ್ತದೆ.

ಇನ್ನು ಕಾಗದಪತ್ರ. ನಾಟಾ ಬರೆದ ಮಾತ್ರಕ್ಕೆ ಸರ್ಕಾರಿ ಕೋಟಾದ ಸೀಟು ಸಿಗುವುದಿಲ್ಲ. ಕೆಇಎಯಲ್ಲಿ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಸಿಇಟಿ ಅರ್ಜಿ ಹಾಕಿ ಆರ್ಕಿಟೆಕ್ಚರ್ ಆಯ್ಕೆ ಮಾಡಿರಬೇಕು, ಆ ದಿನಾಂಕ ದಾಟಿದರೆ ಒಂದು ವರ್ಷ ಹೋಯಿತು. ರ್‍ಯಾಂಕಿಗೆ ನಾಟಾ ಮತ್ತು ಪಿಯುಸಿ ಅಂಕ ಅರ್ಧರ್ಧ. ಸಂವಿಧಾನದ 371ಜೆ ವಿಧಿಯಡಿ ಕಲ್ಯಾಣ ಕರ್ನಾಟಕದವರಿಗೆ ಕೊಡುವ ಪ್ರಮಾಣಪತ್ರ ಇದ್ದರೆ ಕಲ್ಯಾಣ ಕರ್ನಾಟಕದ ಕಾಲೇಜುಗಳಲ್ಲಿ ಶೇ. 70, ಉಳಿದ ಕಡೆ ಶೇ. 8 ಮೀಸಲು. ಕಲಬುರಗಿಯ ಪಿಡಿಎ ಕಾಲೇಜಿನಲ್ಲಿ ಬಿ.ಆರ್ಕ್ ಇರುವುದರಿಂದ ಇದು ದೊಡ್ಡ ಅನುಕೂಲ. ಪ್ರಮಾಣಪತ್ರ ಕೊಡುವುದು ಎಸಿ (ಉಪವಿಭಾಗಾಧಿಕಾರಿ) ಕಚೇರಿ, ಲಿಂಗಸುಗೂರು ಕಡೆಯವರಿಗೆ ಅಲ್ಲೇ ಇದೆ. ಆಂಧ್ರದ ಆದೋನಿ, ಕರ್ನೂಲಿನಲ್ಲಿ ಕೆಲವು ವರ್ಷ ಓದಿದವರು ಕರ್ನಾಟಕದಲ್ಲಿ ಏಳು ವರ್ಷ ಓದಿದ್ದರ ವ್ಯಾಸಂಗ ಪ್ರಮಾಣಪತ್ರ ಕೂಡಿಬರುತ್ತದೆಯೇ ಎಂದು ಈಗಲೇ ಲೆಕ್ಕ ಹಾಕಿ. ಎಸ್ಸೆಸ್ಸೆಲ್ಸಿ, ಪಿಯುಸಿ, ಆಧಾರ್ ಮೂರರಲ್ಲೂ ಹೆಸರು, ಇನಿಷಿಯಲ್ ಒಂದೇ ರೀತಿ ಇರಲಿ, ತಿದ್ದುಪಡಿ ಬೇಕಿದ್ದರೆ ಅರ್ಜಿ ಹಾಕುವ ಮುಂಚೆಯೇ ಮಾಡಿಸಿ.